ಭಾವಚಿತ್ರಕ್ಕೆ ಬೂಷ್ಟು ಬಂತು, ಬಾಕಿ ಹಣ ಬರಲಿಲ್ಲ: ಏನು ಮಾಡಲಿ?

ಪ್ರಶ್ನೆ: ಸರ್, ನಾನು ತೀರ್ಥಹಳ್ಳಿ ತಾಲೂಕಿನವಳು. ಮನೆಯಲ್ಲೇ ಆರ್ಡರ್ ಮೇಲೆ ಭಾವಚಿತ್ರ ಬರೆದುಕೊಡುತ್ತೇನೆ. ಹೊಸನಗರ ಕಡೆಯ ಒಂದು ಮನೆಯವರು ತೀರಿಹೋದ ಯಜಮಾನರ ಆಯಿಲ್ ಪೇಂಟಿಂಗ್ ಕೇಳಿದರು. ಅಳತೆ 24×30 ಇಂಚು, ಫ್ರೇಮ್ ಸೇರಿ 18,000 ರೂಪಾಯಿ. ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋವನ್ನು ಮೊಬೈಲಿನಲ್ಲಿ ತೆಗೆದು, ಆ್ಯಪ್‌ನಲ್ಲಿ ಕ್ಲಿಯರ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದರು. ಅಡ್ವಾನ್ಸ್ 5,000. ಮೇ ತಿಂಗಳಲ್ಲಿ ಅವರ ವರ್ಷಾಂತಕ್ಕೆ (ವರ್ಷದ ತಿಥಿಗೆ) ಬೇಕೇ ಬೇಕು ಅಂದರು. ಮುಗಿಸಿದ ಹತ್ತೇ ದಿನಕ್ಕೆ ವಾರ್ನಿಶ್ ಹಾಕಿ ಕೊಟ್ಟೆ. ದೊಡ್ಡ ಮಗ ನೋಡಿ ಒಪ್ಪಿ 7,000 ಕೊಟ್ಟರು. ಈಗ ಆಗಸ್ಟ್‌ನಲ್ಲಿ ಫೋನ್ ಬಂತು. ಚಿತ್ರದ ಮೇಲೆ ಬಿಳಿ ಕಲೆ ಎದ್ದಿದೆಯಂತೆ. ಅವರ ತಾಯಿ ‘ಇದು ನಮ್ಮನೆಯವರ ಹಾಗೆ ಇಲ್ಲವೇ ಇಲ್ಲ’ ಎನ್ನುತ್ತಿದ್ದಾರಂತೆ. ಬಾಕಿ 6,000 ಕೊಡುವುದಿಲ್ಲ, ಕೊಟ್ಟಿದ್ದನ್ನೂ ವಾಪಸ್ ಮಾಡಿ ಅಂತಾರೆ. ಅದೇ ಚಿತ್ರದ ಫೈಲ್ ಕಳಿಸಿ, ಸ್ಮರಣೆ ಪುಸ್ತಕಕ್ಕೆ ಹಾಕಬೇಕು ಅಂತಲೂ ಕೇಳುತ್ತಾರೆ! ಚಿತ್ರದ ಹಕ್ಕು ನನ್ನದಲ್ವಾ? ಮಲೆನಾಡಿಗೆ ಆಯಿಲ್ ಆಗಿಬರಲ್ಲ, ಸುಮ್ನೆ ಪ್ರಿಂಟ್ ಹಾಕಿಕೊಡಿ ಎನ್ನುತ್ತಾರೆ ಫ್ರೇಮ್ ಅಂಗಡಿಯವರು. ಸೆಪ್ಟೆಂಬರ್ ಮಹಾಸಭೆಗೆ ಸೊಸೈಟಿಯೊಂದರ ಸ್ಥಾಪಕರ ಚಿತ್ರ ಬರೆಯುವ ಕೆಲಸವೂ ಕೈಯಲ್ಲಿದೆ. ದಾರಿ ತೋರಿಸಿ.

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ತಕರಾರು ಒಂದರೊಳಗೊಂದು ಸಿಕ್ಕಿಕೊಂಡಿವೆ. ಕಲೆ ಬಂದಿದ್ದು ಒಂದು. ಹೋಲಿಕೆ ಇಲ್ಲ ಅನ್ನುವುದು ಇನ್ನೊಂದು. ಮನೆಯವರಿಗೆ ಎರಡೂ ಸೇರಿ ‘ಕೆಲಸ ಸರಿಯಿಲ್ಲ’ ಅಂತ ಕಾಣುತ್ತಿದೆ. ನೀವೂ ಹಾಗೇ ನೋಡಿದರೆ ಹಣ ವಾಪಸ್ ಕೊಡಬೇಕೇನೋ ಎಂಬ ಅಂಜಿಕೆ ಹುಟ್ಟುತ್ತದೆ. ಬಿಡಿಸಿ ನೋಡಿದರೆ ಕಲೆಯ ವಿಷಯದಲ್ಲಿ ನಿಮ್ಮದೂ ಪಾಲಿದೆ, ಅದನ್ನು ದುಡ್ಡು ಕೇಳದೆ ಸರಿಮಾಡಿಕೊಡಬೇಕು. ಹೋಲಿಕೆಯ ವಿಷಯದಲ್ಲಿ ಒಪ್ಪಿಗೆ ಆಗಿಹೋಗಿದೆ. ಅಲ್ಲಿ ಏನಾದರೂ ಮಾಡಿದರೆ ಅದು ಹೊಸ ಕೆಲಸ, ಹೊಸ ಮಾತು.

ಮೊದಲು ಕಲೆ. ಬಿಳಿ ಕಲೆಯೆಲ್ಲ ಬೂಷ್ಟು ಅಲ್ಲ. ತೇವದ ಹವೆಯಲ್ಲಿ ವಾರ್ನಿಶ್ ಮೇಲೆ ಒಂದೇ ಸಮನೆ ಮಂಜು ಮುಸುಕಿದ ಹಾಗೆ ನೀಲಿ-ಬಿಳಿ ಪೊರೆ ಬರುವುದುಂಟು. ಅದು ವಾರ್ನಿಶ್‌ನದೇ ತೊಂದರೆ, ಜೀವ ಇರುವಂಥದ್ದಲ್ಲ. ಬೂಷ್ಟಾದರೆ ಚುಕ್ಕೆ ಚುಕ್ಕೆಯಾಗಿ, ಸ್ವಲ್ಪ ಉಬ್ಬಿಕೊಂಡು, ನಯವಾದ ಕೂದಲಿನ ಹಾಗೆ ಇರುತ್ತದೆ. ಕೋಣೆ ಕತ್ತಲು ಮಾಡಿ ಟಾರ್ಚನ್ನು ಪಕ್ಕದಿಂದ ಹಾಯಿಸಿ ನೋಡಿ. ಆಮೇಲೆ ಚಿತ್ರ ಇಳಿಸಿ ಬೆನ್ನು ನೋಡಿ, ಮೂಸಿ. ಕ್ಯಾನ್ವಾಸ್ ಹಿಂಬದಿಯಲ್ಲಿ ಕಪ್ಪು ಚುಕ್ಕೆ, ಮುಗ್ಗಲು ವಾಸನೆ ಇದ್ದರೆ ಅನುಮಾನವೇ ಬೇಡ.

ನೀವು ಬರೆದಿದ್ದು ನೋಡಿದರೆ ನನಗೆ ಬೂಷ್ಟೇ ಅನಿಸುತ್ತದೆ. ಗಾಳಿಯಲ್ಲಿ ತೇವ ಶೇಕಡಾ 65-70 ದಾಟಿ ಹಾಗೇ ನಿಂತರೆ ಅದು ಬೆಳೆಯಲು ಶುರು. ನಮ್ಮ ಕಡೆ ಆರಿದ್ರಾ ಮಳೆ ಹಿಡಿದ ಮೇಲೆ ಆ ಗಡಿಯ ಕೆಳಗೆ ಇಳಿಯುವ ದಿನವೇ ಕಮ್ಮಿ. ತಿನ್ನಲು ಅದಕ್ಕೆ ಬೇಕಾದಷ್ಟಿದೆ: ಕ್ಯಾನ್ವಾಸಿಗೆ ಹಾಕಿದ ಅಂಟು, ಹಿಂಬದಿಯ ಹಸಿ ಹತ್ತಿಬಟ್ಟೆ, ಬಣ್ಣದೊಳಗಿನ ಅಗಸೆ ಎಣ್ಣೆ, ಮೇಲೆ ಕೂತ ಧೂಳು, ದೀಪದ ಮಸಿ. ಇನ್ನೊಂದು ವಿಷಯ ಮನೆಯವರನ್ನು ಮೆಲ್ಲಗೆ ಕೇಳಿ: ಚಿತ್ರದ ಹಣೆಗೆ ಗಂಧ, ಕುಂಕುಮ ಇಡುತ್ತಾರಾ? ಹಸಿ ಹೂವಿನ ಹಾರ ಹಾಕುತ್ತಾರಾ? ತೀರಿಹೋದವರ ಪಟಕ್ಕೆ ಇದನ್ನೆಲ್ಲ ಮಾಡದ ಮನೆ ಯಾವುದು ಹೇಳಿ. ಗಾಜು ಇರುವ ಫೋಟೋಕ್ಕೆ ನಡೆಯುತ್ತದೆ. ಗಾಜಿಲ್ಲದ ಕ್ಯಾನ್ವಾಸಿಗೆ ಹಾರದ ನೀರು ಇಳಿದು ಕೆಳ ಅಂಚಿನಲ್ಲಿ ನಿಲ್ಲುತ್ತದೆ. ಬೂಷ್ಟು ಅಲ್ಲಿಂದಲೇ ಏರುವುದು ನಾನು ಜಾಸ್ತಿ ನೋಡಿದ್ದು.

ನಿಮ್ಮ ಪಾಲು ವಾರ್ನಿಶ್‌ನದು. ಆಯಿಲ್ ಬಣ್ಣ ನೀರು ಆರಿದ ಹಾಗೆ ಆರುವುದಿಲ್ಲ. ಎಣ್ಣೆ ಗಾಳಿಯಲ್ಲಿರುವ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಮುಟ್ಟಿದರೆ ಅಂಟದ ಸ್ಥಿತಿಗೆ ಬರಲು ಕೆಲವು ದಿನ ಸಾಕು, ಒಳಗೆ ಪೂರ್ತಿ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಅದಕ್ಕೇ ಕೊನೆಯ ವಾರ್ನಿಶ್‌ಗೆ ಆರು ತಿಂಗಳಿಂದ ವರ್ಷ ಕಾಯಿರಿ ಅನ್ನುವುದು. ಬಣ್ಣದಿಂದ ಬಣ್ಣಕ್ಕೂ ವ್ಯತ್ಯಾಸವಿದೆ. ಅಂಬರ್ ಎಂಬ ಕಂದು ಬಣ್ಣ ಬೇಗ ಆರುತ್ತದೆ. ಐವರಿ ಬ್ಲ್ಯಾಕ್, ಟೈಟಾನಿಯಂ ವೈಟ್ ತಡ. ಯಜಮಾನರ ಕಪ್ಪು ಕೋಟು, ಬಿಳಿ ಶರ್ಟು, ಬಿಳಿ ಕೂದಲು ಎಲ್ಲ ಆ ತಡದ ಗುಂಪಿನವೇ ಅಲ್ವಾ? ಹತ್ತು ದಿನಕ್ಕೆ ವಾರ್ನಿಶ್ ಹಾಕಿದ್ದರಿಂದ ಒಳಗಿನದು ಮೆತ್ತಗೇ ಉಳಿಯಿತು, ಅಷ್ಟರಲ್ಲಿ ಮಳೆಗಾಲ ಬಂತು. ಅವಸರ ಅವರದೇ ಇರಬಹುದು, ಆದರೆ ವಾರ್ನಿಶ್ ಇಲ್ಲದೆಯೂ ವರ್ಷಾಂತಕ್ಕೆ ಕೊಡಬಹುದಿತ್ತು. ಮುಂದಿನ ಬೇಸಿಗೆಗೆ ಹೋಗಿ ಅವರ ಮನೆಯಲ್ಲೇ ಹಾಕಿ ಬರಬಹುದಿತ್ತು. ನಾನು ಹಾಗೇ ಮಾಡುವುದು. ಆ ನೆಪದಲ್ಲಿ ಚಿತ್ರ ಹೇಗಿದೆ ಅಂತ ನೋಡಿದ ಹಾಗೂ ಆಗುತ್ತದೆ. ಹೊಸ ಆರ್ಡರ್ ಸಿಗುವುದೂ ಅಂಥ ಭೇಟಿಗಳಲ್ಲೇ.

ಈಗ ಅವರಿಗೆ ಫೋನ್ ಮಾಡಿ ಮೊದಲು ಹೇಳಬೇಕಾದ ಮಾತು: ‘ಒರೆಸಬೇಡಿ.’ ಒದ್ದೆ ಬಟ್ಟೆ, ಡೆಟಾಲ್, ವಿನೆಗರ್, ಸೀಮೆಎಣ್ಣೆ, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಒರೆಸಿದರೆ ಬೂಷ್ಟು ಬಣ್ಣದೊಳಕ್ಕೆ ಉಜ್ಜಿಕೊಳ್ಳುತ್ತದೆ. ಬಿಸಿಲಿಗೂ ಇಡಬಾರದು, ಮೆತ್ತಗಿರುವ ಬಣ್ಣ ಇನ್ನಷ್ಟು ಹಾಳಾಗುತ್ತದೆ. ಗೋಡೆಯಿಂದ ಇಳಿಸಿ, ಗಾಳಿ ಆಡುವ ಒಣ ಕೋಣೆಯಲ್ಲಿ, ಬೆನ್ನಿಗೂ ಗಾಳಿ ತಾಗುವ ಹಾಗೆ ನಿಲ್ಲಿಸಿ ಫ್ಯಾನ್ ಹಾಕಲಿ. ಫ್ಯಾನ್ ನೇರ ಚಿತ್ರಕ್ಕೆ ಬೇಡ, ಕೋಣೆಗೆ ಸಾಕು. ಒಣಗಿದ ಬೂಷ್ಟು ಪುಡಿಯಾಗುತ್ತದೆ. ಆಗ ನೀವು ಹೋಗಿ, ಮಾಸ್ಕ್ ಹಾಕಿಕೊಂಡು, ಅಂಗಳದಲ್ಲಿ, ಮೆತ್ತನೆಯ ಒಣ ಬ್ರಷ್‌ನಲ್ಲಿ ಮೇಲಿಂದ ಕೆಳಕ್ಕೆ ಸವರಿ ತೆಗೆಯಿರಿ. ಬೆನ್ನನ್ನೂ ಬಿಡಬೇಡಿ. ಆ ಬ್ರಷ್ ಮತ್ತೆ ಬೇರೆ ಚಿತ್ರಕ್ಕೆ ಮುಟ್ಟಿಸಬೇಡಿ. ವಾರ್ನಿಶ್ ತೆಗೆಯುವ ಸಾಹಸಕ್ಕೆ ಮಾತ್ರ ಕೈ ಹಾಕಬೇಡಿ. ಅರ್ಧ ಆರಿದ ಬಣ್ಣದ ಮೇಲಿನ ವಾರ್ನಿಶ್ ಬಣ್ಣದ ಜೊತೆ ಸೇರಿಹೋಗಿರುತ್ತದೆ. ಟರ್ಪಂಟೈನ್ ಹಚ್ಚಿದರೆ ಯಜಮಾನರ ಮುಖವೂ ಬಟ್ಟೆಗೆ ಬರುತ್ತದೆ.

ಸ್ವಚ್ಛ ಮಾಡಿದ ಮೇಲೆ ಕಲೆಯ ಗುರುತು ಸ್ವಲ್ಪ ಉಳಿಯಬಹುದು. ಇದನ್ನು ಮೊದಲೇ ಹೇಳಿಬಿಡಿ, ಆಮೇಲೆ ಹೇಳಿದರೆ ನೆಪದ ಹಾಗೆ ಕೇಳಿಸುತ್ತದೆ.

ನೇತು ಹಾಕುವ ಜಾಗವನ್ನೂ ನೋಡಿ ಬನ್ನಿ. ಮಳೆಗಾಲಕ್ಕೆ ಸೋಗೆ ತಟ್ಟಿ ಕಟ್ಟುವ ಗೋಡೆ ಯಾವುದೋ, ಅದರ ಒಳಬದಿಗೆ ಚಿತ್ರ ಬೇಡವೇ ಬೇಡ. ಗಾಳಿಮಳೆ ನೇರ ಹೊಡೆಯುವುದು ಆ ಗೋಡೆಗೇ. ನಡುಮನೆಯ ಒಳಗೋಡೆ ಒಳ್ಳೆಯದು, ಬಚ್ಚಲ ಒಲೆಯ ಹೊಗೆ ಬರದ ಕಡೆ. ಫ್ರೇಮಿನ ನಾಲ್ಕು ಮೂಲೆಗೆ ಹಿಂದಿನಿಂದ ಅರ್ಧ ಇಂಚಿನ ಬೆಂಡಿನ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಹಾಯುತ್ತದೆ. ಬೆನ್ನಿಗೆ ಸನ್‌ಪ್ಯಾಕ್ ಶೀಟ್ (ಒಳಗೆ ಪೊಳ್ಳಿರುವ ಪ್ಲಾಸ್ಟಿಕ್ ಹಾಳೆ) ಹೊಡೆಯಿರಿ. ಹಾರ್ಡ್‌ಬೋರ್ಡ್ ಬೇಡ, ಅದೇ ನೀರು ಕುಡಿಯುತ್ತದೆ. ಹಾರ ಹಾಕಲೇಬೇಕು ಅಂದರೆ ಫ್ರೇಮಿನ ಹೊರಗೆ ಎರಡು ಮೊಳೆ ಹೊಡೆದುಕೊಟ್ಟು, ಒಣ ಹಾರವೋ ಗಂಧದ ಚಕ್ಕೆಯ ಹಾರವೋ ಹಾಕಿ ಅನ್ನಿ. ಹಾರ ಬೇಡ ಅಂತ ಮಾತ್ರ ಹೇಳಬೇಡಿ, ಯಾರೂ ಕೇಳುವುದಿಲ್ಲ.

‘ಮಲೆನಾಡಿಗೆ ಆಯಿಲ್ ಆಗಿಬರಲ್ಲ’ ಅನ್ನುವ ಮಾತಿಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ರಾಜಾ ರವಿವರ್ಮ ಹುಟ್ಟಿ ಬೆಳೆದು ಬರೆದ ಕೇರಳದ ಹವೆ ನಮ್ಮದಕ್ಕಿಂತ ಒಣದೇನಲ್ಲ. ಅವರು ತೀರಿಕೊಂಡಿದ್ದು 1906ರಲ್ಲಿ. ಅವರ ಆಯಿಲ್ ಚಿತ್ರಗಳನ್ನು ಇವತ್ತಿಗೂ ತಿರುವನಂತಪುರದಲ್ಲಿ ನೋಡಬಹುದು. ನೋಡಿಕೊಳ್ಳುವವರು ಇದ್ದಾರೆ, ಅದಕ್ಕೇ ಉಳಿದಿವೆ, ನಿಜ. ಆದರೆ ಪ್ರಿಂಟಿಗೆ ಬೂಷ್ಟು ಬರಲ್ವಾ? ಕಾಗದವಾದರೆ ಕಂದು ಚುಕ್ಕೆ, ಗಾಜಿಗೆ ಅಂಟಿಕೊಳ್ಳುವುದು. ಕ್ಯಾನ್ವಾಸ್ ಪ್ರಿಂಟಿನ ಬೆನ್ನೂ ಎಷ್ಟೋ ಸಲ ಅದೇ ಹತ್ತಿಬಟ್ಟೆ. ಫ್ರೇಮ್ ಅಂಗಡಿಯವರಿಗೆ ಪ್ರಿಂಟ್ ಮಾರುವುದು ಸುಲಭ, ಅಷ್ಟೇ.

ಇನ್ನು ಹೋಲಿಕೆ. ನಮ್ಮ ಕಸುಬಿನ ನಿಜವಾದ ಕಷ್ಟ ಇದು.

ಮುಖದ ಹೋಲಿಕೆ ಸಣ್ಣ ಸಣ್ಣ ವಿವರದಲ್ಲಿ ಇರುತ್ತದೆ ಎಂಬ ನಂಬಿಕೆ ತಪ್ಪು. ರೆಪ್ಪೆ, ಸುಕ್ಕು, ಮೀಸೆಯ ಎಳೆ ಎಲ್ಲ ಬಿಡಿಸಿದರೂ ಬೇರೆ ಯಾರೋ ಕೂತಿರುತ್ತಾರೆ. ತಲೆಯ ಒಟ್ಟು ಆಕಾರ, ಕಣ್ಣುಗಳ ನಡುವಿನ ಅಂತರ, ಮೂಗಿನಿಂದ ಗಲ್ಲದವರೆಗಿನ ಅಳತೆ, ಕತ್ತು ಭುಜದ ಮೇಲೆ ಕೂರುವ ರೀತಿ, ಇವು ಸರಿಬಿದ್ದರೆ ಕಣ್ಣು ಮೂಗು ಇನ್ನೂ ಮಸುಕಾಗಿರುವಾಗಲೇ ಮನೆಯವರು ಗುರುತು ಹಿಡಿಯುತ್ತಾರೆ. ರಸ್ತೆಯ ಆಚೆ ತುದಿಯಲ್ಲಿ ನಡೆದುಹೋಗುವವರನ್ನು ಮುಖ ಕಾಣದೆಯೇ ನಾವು ಗುರುತಿಸುವುದಿಲ್ವಾ?

ನಿಮಗೆ ಸಿಕ್ಕಿದ್ದು ಪಾಸ್‌ಬುಕ್ ಫೋಟೋ. ಇಂಥ ಫೋಟೋ ತೆಗೆಯುವ ಸ್ಟುಡಿಯೋ ಕೋಣೆ ಸಣ್ಣದು, ಕ್ಯಾಮೆರಾ ಹತ್ತಿರ. ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದು ಕಾಣುತ್ತದೆ. ಎದುರಿನ ಫ್ಲ್ಯಾಷ್ ಕೆನ್ನೆ, ಹುಬ್ಬಿನ ನೆರಳನ್ನೆಲ್ಲ ಅಳಿಸಿ ಮುಖವನ್ನು ಚಪ್ಪಟೆ ಮಾಡುತ್ತದೆ. ಇಷ್ಟರ ಮೇಲೆ ಆ್ಯಪ್. ಈ ‘ಕ್ಲಿಯರ್’ ಮಾಡುವ ಆ್ಯಪ್‌ಗಳು ಇಲ್ಲದ್ದನ್ನು ತಂದು ತುಂಬುತ್ತವೆ. ಮೂಲದಲ್ಲಿ ಕಣ್ಣಿನ ಜಾಗದಲ್ಲಿ ಒಂದಿಷ್ಟು ಮಸಿ ಇತ್ತು ಅಂದುಕೊಳ್ಳಿ. ಆ್ಯಪ್ ಅಲ್ಲಿ ಚಂದದ ಕಣ್ಣನ್ನೇ ಇಡುತ್ತದೆ, ಆದರೆ ಆ ಕಣ್ಣು ಅವರದ್ದಲ್ಲ. ನೀವು ಅದನ್ನು ನಿಷ್ಠೆಯಿಂದ ಬರೆದಿರಿ. ಅಮ್ಮ ಗುರುತು ಹಿಡಿಯಲಿಲ್ಲ ಅಂದರೆ ಅವರ ಕಣ್ಣು ಸರಿಯಾಗೇ ಇದೆ.

ಹಾಗಾದರೆ ಸಣ್ಣ ಫೋಟೋದಿಂದ ಬರೆಯಬಾರದಾ? ಬರೆಯಬಹುದು, ಒಂದರಿಂದಲೇ ಬರೆಯಬಾರದು. ಮದುವೆ ಆಲ್ಬಂ ಕೇಳಿ, ಸಂಘದ ಗ್ರೂಪ್ ಫೋಟೋ ಕೇಳಿ. ಗ್ರೂಪ್ ಫೋಟೋದಲ್ಲಿ ಮುಖ ಕಡಲೆಯಷ್ಟು ಇರಬಹುದು, ಆದರೆ ದೂರದಿಂದ ತೆಗೆದಿದ್ದರಿಂದ ಅಳತೆ ಸರಿ ಇರುತ್ತದೆ. ಅಳತೆ ಅದರಿಂದ ತೆಗೆದುಕೊಳ್ಳಿ, ವಿವರ ಪಾಸ್‌ಬುಕ್‌ನಿಂದ. ಫೋಟೋವನ್ನು ವಾಟ್ಸಾಪ್‌ನಲ್ಲಿ ತರಿಸಬೇಡಿ. ಮೂಲವನ್ನೇ ತಂದು 1200 ಡಿಪಿಐನಷ್ಟು ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿಸಿ. ಎಡ-ಬಲ ತಿರುಗಿದೆಯಾ ಅಂತಲೂ ನೋಡಿ. ಸೆಲ್ಫಿ ತಿರುಗಿರಬಹುದು, ಹಳೆಯ ನೆಗೆಟಿವ್ ಉಲ್ಟಾ ಪ್ರಿಂಟ್ ಆಗಿರುವುದೂ ಉಂಟು. ಶರ್ಟಿನ ಗುಂಡಿಪಟ್ಟಿ, ಸೀರೆಯ ಸೆರಗು, ಮೂಗುತಿ ಇರುವ ಕಡೆ, ಇವು ಸುಳ್ಳು ಹೇಳುವುದಿಲ್ಲ. ಕೆನ್ನೆಯ ಮಚ್ಚೆ ಆ ಕಡೆಯಿಂದ ಈ ಕಡೆಗೆ ಬಂದರೆ ಹೆಂಡತಿಗೆ ಏನೋ ಸರಿಯಿಲ್ಲ ಅಂತ ಅನಿಸುತ್ತದೆ, ಏನು ಅಂತ ಹೇಳಲು ಬರುವುದಿಲ್ಲ.

ನಮ್ಮ ಕಡೆಯ ಹಿರಿಯರ ಮುಖದಲ್ಲಿ ಕವಳದ (ಎಲೆ-ಅಡಿಕೆಯ) ಪಾಲು ದೊಡ್ಡದು. ಜೀವಮಾನವಿಡೀ ಒಂದೇ ದವಡೆಯಲ್ಲಿ ಕವಳ ಒತ್ತಿಕೊಂಡವರ ಕೆನ್ನೆ, ತುಟಿಯ ಆ ಮೂಲೆ ಬೇರೆಯೇ ಆಗಿರುತ್ತದೆ. ಫೋಟೋಕ್ಕೆ ಕೂರುವಾಗ ಬಾಯಿ ತೊಳೆದು, ತುಟಿ ಬಿಗಿದು, ಗಲ್ಲ ಎತ್ತಿ, ಯಾರದೋ ಕೋಟು ಹಾಕಿಕೊಂಡು ಕೂತಿರುತ್ತಾರೆ. ಹೆಂಡತಿ ಅವರನ್ನು ಹಾಗೆ ಯಾವತ್ತಾದರೂ ನೋಡಿದ್ದಾರಾ? ಹಲ್ಲುಸೆಟ್ಟು ಹಾಕಿಸಿದ ಮೇಲಿನ ಫೋಟೋನಾ, ಮೊದಲಿನದಾ ಅಂತಲೂ ಕೇಳಬೇಕು. ದವಡೆಯ ಆಕಾರವೇ ಬದಲಾಗಿರುತ್ತದೆ. ಕಿವಿ, ಕೈ, ಮೈಬಣ್ಣಕ್ಕೆ ಅವರ ತಮ್ಮನನ್ನೋ ತಂದೆಯ ಹೋಲಿಕೆ ಇರುವ ಮಗನನ್ನೋ ಕೂರಿಸಿಕೊಂಡು ನೋಡಬಹುದು. ಇದರಿಂದ ತುಂಬ ಉಪಯೋಗವಿದೆ.

ಇನ್ನೊಂದು, ಮನೆಯಲ್ಲಿ ಒಬ್ಬೊಬ್ಬರ ನೆನಪಿನ ವಯಸ್ಸು ಬೇರೆ. ಮಗನಿಗೆ ಎಪ್ಪತ್ತರ ಅಪ್ಪ, ಹೆಂಡತಿಗೆ ನಲವತ್ತೈದರ ಗಂಡ, ಮೊಮ್ಮಗಳಿಗೆ ಕನ್ನಡಕದ ಅಜ್ಜ. ಒಂದೇ ಚಿತ್ರದಲ್ಲಿ ಮೂವರನ್ನೂ ತರಲು ಆಗುವುದಿಲ್ಲ. ಅದಕ್ಕೇ ಬಣ್ಣ ಮುಟ್ಟುವ ಮೊದಲು ಯಾವ ವಯಸ್ಸು ಎಂದು ಕೇಳಬೇಕು. ಕೇಳಬೇಕಾದವರನ್ನೇ ಕೇಳಬೇಕು. ದುಡ್ಡು ಕೊಡುವವರು ಮಗ ಆಗಿರಬಹುದು, ಚಿತ್ರದ ಎದುರು ದಿನಾ ಕೂರುವವರು ಅಮ್ಮ. ಅಮ್ಮನನ್ನು ‘ಹಾಗೇ ಇದೆಯಾ?’ ಅಂತ ಕೇಳಬೇಡಿ. ‘ಕನ್ನಡಕ ಮೂಗಿನ ಮೇಲೆ ಎಲ್ಲಿ ಕೂರುತ್ತಿತ್ತು? ಸಿಟ್ಟು ಬಂದರೆ ಮುಖ ಹೇಗೆ ಆಗುತ್ತಿತ್ತು?’ ಅಂತ ಕೇಳಿ. ಅವರು ಮಾತಾಡುತ್ತಾ ತಾವೇ ಅಭಿನಯಿಸಿ ತೋರಿಸುತ್ತಾರೆ. ಅದನ್ನು ನೋಡಿಕೊಂಡು ಪೆನ್ಸಿಲ್ ಸ್ಕೆಚ್ ತಿದ್ದಿ. ತಿದ್ದಿದ ಸ್ಕೆಚ್‌ಗೆ ಒಬ್ಬರ ಸಹಿ ಹಾಕಿಸಿಕೊಳ್ಳಿ. ಸಹಿ ಕೇಳಲು ನಾಚಿಕೆ ಪಡಬೇಡಿ, ಅಡಿಕೆ ತೂಕ ಹಾಕುವಾಗ ಚೀಟಿ ಬರೆಯುವುದಿಲ್ವಾ?

ಈಗ ಈ ಮನೆಯವರ ಜೊತೆ ಏನು ಮಾಡಬಹುದು?

ಪೂರ್ತಿ ಹಣ ವಾಪಸ್ ಕೊಟ್ಟು ಚಿತ್ರ ತರುವುದು ಒಂದು. ನಾನು ಬೇಡ ಅನ್ನುತ್ತೇನೆ. ಮಗ ನೋಡಿ ಒಪ್ಪಿಕೊಂಡು ತೆಗೆದುಕೊಂಡಿದ್ದು, ವರ್ಷಾಂತಕ್ಕೆ ಬಳಸಿದ್ದು. ಬೇರೆಯವರ ಮನೆಯ ತೀರಿಹೋದ ಯಜಮಾನರ ಚಿತ್ರ ನಿಮ್ಮ ಮನೆಯಲ್ಲಿ ಏನು ಮಾಡುತ್ತದೆ? ಯಾರು ಕೊಳ್ಳುತ್ತಾರೆ? ಕೇಳಿದರೆ ವಾಪಸ್ ಕೊಡುತ್ತಾರೆ ಎಂಬ ಸುದ್ದಿ ಮಾತ್ರ ಉಳಿಯುತ್ತದೆ.

ಅದೇ ಚಿತ್ರದ ಮುಖ ತಿದ್ದಿಕೊಡುವುದು ಇನ್ನೊಂದು. ಮನಸ್ಸಿಗೆ ಹಿಡಿಸುವ ದಾರಿ, ಆದರೆ ಮೇಲೆ ವಾರ್ನಿಶ್ ಇದೆ, ಕೆಳಗೆ ಮೆತ್ತಗಿನ ಬಣ್ಣ ಇದೆ. ಅದರ ಮೇಲೆ ಹಾಕಿದ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ, ಬಿರುಕು ಬಿಡಬಹುದು. ಮುಂದೆ ಯಾರಾದರೂ ವಾರ್ನಿಶ್ ತೆಗೆದರೆ ನಿಮ್ಮ ತಿದ್ದುಪಡಿಯೂ ಹೋಗುತ್ತದೆ.

ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ: ‘ಕಲೆ ನಾನು ತೆಗೆದುಕೊಡುತ್ತೇನೆ, ಬೆನ್ನಿಗೆ ಶೀಟ್ ಹಾಕಿಕೊಡುತ್ತೇನೆ, ಅದಕ್ಕೆ ಏನೂ ಕೊಡಬೇಡಿ. ಅದು ಆದ ದಿನ ಬಾಕಿ 6,000 ಕೊಡಿ. ಅಮ್ಮನಿಗೆ ಬೇಕು ಅನಿಸಿದರೆ, ಅವರ ಎದುರು ಕೂತು ಬೇರೆ ಸಣ್ಣ ಕ್ಯಾನ್ವಾಸಿನಲ್ಲಿ ಅವರ ನೆನಪಿನ ವಯಸ್ಸಿನ ಮುಖ ಬರೆಯುತ್ತೇನೆ. ಅದಕ್ಕೆ ಸಾಮಾನಿನ ಖರ್ಚು, ಸ್ವಲ್ಪ ಕೂಲಿ.’ ಒಪ್ಪದೆ ಇರುವ ಸಾಧ್ಯತೆಯೂ ಇದೆ. ಆಗ 6,000ದಲ್ಲಿ ಒಂದೆರಡು ಸಾವಿರ ಬಿಟ್ಟು ಮುಗಿಸಿಕೊಳ್ಳಿ. ಅದಕ್ಕಿಂತ ಕೆಳಗೆ ಇಳಿಯಬೇಡಿ. ಈ ಮಾತುಕತೆ ಫೋನಿನಲ್ಲಿ ಆಗುವಂಥದ್ದಲ್ಲ. ಚಿತ್ರ ಸ್ವಚ್ಛ ಮಾಡಲು ಹೋದ ದಿನ ಜಗಲಿಯಲ್ಲಿ ಕೂತು ಆಡಿ.

ಮುಂದಿನ ಕೆಲಸಗಳಿಗೆ ಅಡ್ವಾನ್ಸ್ ಲೆಕ್ಕ ಬದಲಿಸಿ. 18,000ಕ್ಕೆ 5,000 ತೆಗೆದುಕೊಂಡರೆ ಕ್ಯಾನ್ವಾಸ್, ಬಣ್ಣ, ಫ್ರೇಮಿಗೇ ಹೋಗಿಬಿಡುತ್ತದೆ. ಆಮೇಲಿನದೆಲ್ಲ ನಿಮ್ಮ ಕೈಸಾಲ. ಒಪ್ಪಿಕೊಂಡ ದಿನ ಶೇಕಡಾ 40, ಸ್ಕೆಚ್ ಒಪ್ಪಿದ ದಿನ 40, ಚಿತ್ರ ಕೈಗೆ ಕೊಡುವಾಗ 20. ಕೊನೆಗೆ ತಕರಾರು ಬಂದರೂ ನಿಮ್ಮ ಊಟಕ್ಕೆ ತೊಂದರೆ ಇಲ್ಲ. ಕಾಲವನ್ನೂ ನೋಡಿಕೊಳ್ಳಿ. ಆಯಿಲ್ ಆರ್ಡರ್ ಮಳೆ ಹಿಂದೆ ಸರಿದ ಮೇಲೆ ಶುರುಮಾಡಿದರೆ ಒಣಹವೆಯ ಅಷ್ಟೂ ತಿಂಗಳು ಸಿಗುತ್ತವೆ. ಅಡಿಕೆ ಕೊಯ್ಲಿನ ದುಡ್ಡು ಮನೆಗೆ ಬರುವುದೂ ಅದರ ಬೆನ್ನಿಗೇ. ಮಳೆಗಾಲಕ್ಕೆ ಬೇಗ ಒಣಗುವ ಅಕ್ರಿಲಿಕ್ ಬಣ್ಣ, ಚಾರ್ಕೋಲ್ (ಇದ್ದಿಲ ಕಡ್ಡಿ), ಪೆನ್ಸಿಲ್ ಇಟ್ಟುಕೊಳ್ಳಿ.

ಹಕ್ಕಿನ ವಿಷಯ ಕೇಳಿದಿರಿ. ಇದರಲ್ಲಿ ನಮ್ಮವರೆಲ್ಲ ತಪ್ಪು ತಿಳಿದುಕೊಂಡಿರುತ್ತಾರೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಂ ಪ್ರಕಾರ, ಒಬ್ಬರು ಹಣ ಕೊಟ್ಟು ಹೇಳಿ ಬರೆಸಿದ ಭಾವಚಿತ್ರದ ಕಾಪಿರೈಟ್ ಬರೆಸಿದವರಿಗೆ ಸೇರುತ್ತದೆ. ಬೇರೆ ಒಪ್ಪಂದ ಇದ್ದರೆ ಮಾತ್ರ ಬೇರೆ. ಹಣ ಕೊಟ್ಟು ತೆಗೆಸಿದ ಫೋಟೋಕ್ಕೂ ಇದೇ ನಿಯಮ. ಹಾಗಾಗಿ ಅವರು ಸ್ಮರಣೆ ಪುಸ್ತಕಕ್ಕೆ ಹಾಕಿಕೊಳ್ಳುವುದನ್ನು ನೀವು ತಡೆಯಲು ಹೊರಟರೆ ಗೆಲ್ಲುವುದು ಕಷ್ಟ. ನೀವೇ ಅದನ್ನು ಫೇಸ್‌ಬುಕ್‌ನಲ್ಲಿ ಹಾಕಬೇಕಾದರೂ ಅವರನ್ನು ಒಂದು ಮಾತು ಕೇಳಬೇಕು. ಹಾಗಂತ ನಿಮ್ಮ ಕೈ ಪೂರ್ತಿ ಖಾಲಿ ಇಲ್ಲ. 57ನೇ ಕಲಂ ಪ್ರಕಾರ ಬರೆದವರು ನೀವು ಎಂದು ಹೇಳಿಕೊಳ್ಳುವ ಹಕ್ಕು, ನಿಮ್ಮ ಹೆಸರಿಗೆ ಧಕ್ಕೆ ಬರುವ ಹಾಗೆ ಚಿತ್ರ ಕೆಡಿಸಿದರೆ ಆಕ್ಷೇಪಿಸುವ ಹಕ್ಕು ನಿಮ್ಮದೇ. ಇನ್ನು, ಒಳ್ಳೆಯ ಬೆಳಕಿನಲ್ಲಿ ಫೋಟೋ ತೆಗೆದು ಬಣ್ಣ ಸರಿಮಾಡಿ ಫೈಲ್ ಕೊಡುವುದು ಬೇರೆಯೇ ಕೆಲಸ. ಮೊದಲೇ ಮಾತಾಗಿಲ್ಲದಿದ್ದರೆ ಅದನ್ನು ಬಿಟ್ಟಿ ಮಾಡಬೇಕಾಗಿಲ್ಲ. ಬಾಕಿ ಚುಕ್ತಾ ಆದ ಮೇಲೆ ಕೊಡುತ್ತೇನೆ, ಚಿತ್ರದ ಕೆಳಗೆ ನನ್ನ ಹೆಸರು ಹಾಕಿ ಅನ್ನಿ. ಮುಂದಕ್ಕೆ ಕಾಪಿರೈಟ್ ನಿಮ್ಮಲ್ಲೇ ಇರಬೇಕು ಅಂದರೆ ಆರ್ಡರ್ ಚೀಟಿಯಲ್ಲೇ ಬರೆದು ಇಬ್ಬರೂ ಸಹಿ ಹಾಕಿ.

ಸೊಸೈಟಿ ಕೆಲಸ. ಸೆಪ್ಟೆಂಬರ್‌ಗೆ ಆಯಿಲ್ ಆಗುವುದಿಲ್ಲ, ಅಕ್ರಿಲಿಕ್‌ನಲ್ಲಿ ಮಾಡಿ. ಬಣ್ಣ ಒಣಗಿದ ಮೇಲೆ ಒಂದು ಛಾಯೆ ಗಾಢವಾಗುತ್ತದೆ. ಮೈಬಣ್ಣವನ್ನು ಬೇರೆ ತುಂಡಿನ ಮೇಲೆ ಹಚ್ಚಿ, ಒಣಗಿಸಿ ನೋಡಿಯೇ ಮುಖಕ್ಕೆ ಹೋಗಿ. ಕೆನ್ನೆಯಲ್ಲಿ ಬಣ್ಣ ಬೆರೆಸಲು ಸಮಯ ಸಿಗುವುದಿಲ್ಲ ಅನಿಸಿದರೆ ಬಣ್ಣ ಒಣಗುವುದನ್ನು ತಡಮಾಡುವ ರಿಟಾರ್ಡರ್ ಸ್ವಲ್ಪ ಸೇರಿಸಿ, ಜಾಸ್ತಿ ಬೇಡ, ಅಂಟಂಟಾಗಿ ಉಳಿಯುತ್ತದೆ. ಈ ಹವೆಯಲ್ಲಿ ಫ್ರೇಮಿಗೆ ಹಾಕುವ ಮೊದಲು ವಾರವಾದರೂ ಬಿಡಿ.

ಆದರೆ ಬಣ್ಣಕ್ಕಿಂತ ಮೊದಲು ನೋಡಬೇಕಾದ್ದು ಕಾಗದ. ಅಲ್ಲಿ ಅಧ್ಯಕ್ಷರು ಹೇಳುತ್ತಾರೆ, ನಿರ್ದೇಶಕರು ತಿದ್ದುತ್ತಾರೆ, ದುಡ್ಡು ಕೊಡಬೇಕಾದವರು ಕಾರ್ಯದರ್ಶಿ. ಸ್ಥಾಪಕರನ್ನು ಕಣ್ಣಾರೆ ಕಂಡವರು ಅವರಲ್ಲಿ ಒಬ್ಬರೂ ಇಲ್ಲದಿರಬಹುದು. ಸ್ಕೆಚ್ ಒಪ್ಪುವವರು ಯಾರು ಎಂದು ಒಂದೇ ಹೆಸರು ಕೇಳಿ, ಸಾಧ್ಯವಾದರೆ ಸ್ಥಾಪಕರ ಮನೆಯವರೊಬ್ಬರಿಗೆ ತೋರಿಸಿ. ಖರ್ಚಿಗೆ ಠರಾವು ಆಗಿದೆಯಾ ಕೇಳಿ. ಠರಾವು ಆಗದ ಕೆಲಸದ ಬಿಲ್ಲು ಮುಂದಿನ ಸಭೆಗೆ, ಅಲ್ಲಿಂದ ಅದರ ಮುಂದಿನದಕ್ಕೆ ಹೋಗುತ್ತಿರುತ್ತದೆ. ನಾಳೆಯೇ ಹೋಗಿ, ಕೊಟೇಶನ್ ಕೊಟ್ಟು ಠರಾವಿನ ನಕಲು ಕೇಳಿ. ಅದು ಕೈಗೆ ಬಂದ ಮೇಲೆ ಕ್ಯಾನ್ವಾಸ್ ತನ್ನಿ.